ಮೂರು ಏಟು, ತಡೆದು ಒಂದು

ನನಗೆ ಯಾರನ್ನೂ ಒಂದೇ ಸಲಕ್ಕೆ ನಂಬಿ ಅಭ್ಯಾಸವಿಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಕಂಡಕ್ಟರು ಹೇಳಿದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುತ್ತೇನೆ. ಮದುವೆಯಾಗಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದ ಮೊದಲ ತಿಂಗಳಲ್ಲೇ ನಮ್ಮತ್ತೆ, "ಈ ಹುಡುಗಿ ದೇವ್ರ ತೀರ್ಥಾನೂ ಮೂಸಿ ನೋಡಿ ಕುಡೀತಾಳೆ ಕಣಪ್ಪ" ಎಂದು ಮಗನ ಹತ್ತಿರ ದೂರಿದ್ದರು. ಹಾಗೆ ದೂರಿದ್ದು ನಿಜವೇ ಎಂದು ನಾನು ನಾದಿನಿಯನ್ನು ಕೇಳಿ ಖಚಿತ ಮಾಡಿಕೊಂಡೆ.

ಈ ಸ್ವಭಾವದಿಂದ ನನಗೆ ಒಳ್ಳೆಯದೂ ಆಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಸಲ ಅದರಿಂದ ಒಂದು ಜೀವ ಹೋಗುವುದರಲ್ಲಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ; ದೊಡ್ಡ ಸಾಹೇಬರೆಂದರೆ ಮೈಸೂರಿನಿಂದಲೇ ಬರಬೇಕಿತ್ತು. ನನ್ನನ್ನು ಬೇಗೂರಿನಿಂದ ಒಳಗೆ ಹೋಗುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹಾಕಿದ್ದರು. ಇಡೀ ಶಾಲೆಗೆ ನಾನೊಬ್ಬಳೇ ಟೀಚರು. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬೇಗೂರಿಗೆ ಬಂದು, ಅಲ್ಲಿಂದ ಸಿಕ್ಕಿದರೆ ಎತ್ತಿನ ಗಾಡಿ, ಇಲ್ಲದಿದ್ದರೆ ಕಾಲು. ಊರಿನ ಒಂದು ತುದಿಯ ದಿಣ್ಣೆಯ ಮೇಲೆ ಶಾಲೆ, ಇನ್ನೊಂದು ತುದಿಯಲ್ಲಿ ಕೆರೆ, ನಡುವೆ ಎರಡು ಬೀದಿ. ಮೇಲಿನ ಬೀದಿಯಲ್ಲಿ ಜಮೀನು, ಅರಿಶಿನದ ವ್ಯಾಪಾರ ಇದ್ದ ಲಿಂಗಾಯತರ ಮನೆಗಳು. ಕೆರೆ ಏರಿಯ ಬುಡದಲ್ಲೇ ಇದ್ದ ಕೆಳಗಿನ ಬೀದಿಯಲ್ಲಿ ಕೂಲಿಗೆ ಹೋಗುವವರು, ಒಬ್ಬಿಬ್ಬರು ಸರ್ಕಾರಿ ನೌಕರಿ ಹಿಡಿದವರು.

ನಾನು ಹೋಗುವ ಹಿಂದಿನ ವರ್ಷ ಕೆರೆ ತುಂಬಿ ಕೋಡಿ ಹರಿದು ಕೆಳಗಿನ ಬೀದಿಗೆ ನೀರು ನುಗ್ಗಿತ್ತು. ಎಲ್ಲರೂ ಓಡಿದ್ದರು. ಕಾಲು ಬಾರದ ಒಬ್ಬ ಮುದುಕರನ್ನು ಮಗ ಎತ್ತಿಕೊಂಡು ಬಂದಿರುತ್ತಾನೆ ಎಂದು ಅಳಿಯ ತಿಳಿದ, ಅಳಿಯ ತಂದಿರುತ್ತಾನೆ ಎಂದು ಮಗ ತಿಳಿದ. ನೆನೆದ ಮಣ್ಣಿನ ಗೋಡೆ ಮುದುಕರ ಮೇಲೆ ಬಿತ್ತು. ಆ ಸಾವಾದ ಮೇಲೆ ತಾಲ್ಲೂಕು ಕಚೇರಿಯಿಂದ ಆದೇಶ ಬಂತು: ಅಪಾಯ ಬಂದರೆ ಯಾರನ್ನು ಹೊತ್ತು ತರಬೇಕು, ಯಾರು ಹೊರಬೇಕು, ಎಲ್ಲಿಗೆ ತರಬೇಕು, ಊರಿಗೆ ಹೇಗೆ ಸುದ್ದಿ ಮುಟ್ಟಿಸಬೇಕು, ಎಲ್ಲವನ್ನೂ ಮಳೆಗಾಲಕ್ಕೆ ಮುಂಚೆ ಗೊತ್ತುಮಾಡಿ ಬರೆದಿಡಿ. ಬರೆಯುವುದೆಂದರೆ ಇನ್ನಾರು? ಟೀಚರೇ.

ನಾನು ರೂಲು ಎಳೆದ ಹಾಳೆ ಹಿಡಿದು ಕೆಳಗಿನ ಬೀದಿಯ ಮನೆಮನೆಗೆ ಹೋದೆ. ಎರಡೇ ಪ್ರಶ್ನೆ. ಮನೆಯಲ್ಲಿ ತಾವಾಗಿ ಓಡಲಾರದವರು ಯಾರು? ಎಷ್ಟು ದಿನದ ಅಕ್ಕಿ ರಾಗಿ ಇದೆ?

ಎರಡನೆಯ ಪ್ರಶ್ನೆ ಕೇಳಿದ್ದು ನನ್ನ ದಡ್ಡತನ. ಕಾಡಿನೊಳಗೆ ಅಡಗಿದವರನ್ನು ಪೊಲೀಸರು ಹುಡುಕುತ್ತಿದ್ದ ಕಾಲ ಅದು. ಕಾಡಂಚಿನ ಹಂಗಳದ ಕಡೆಯಿಂದ ಹೊರಟ ಸುದ್ದಿ ಬೇಗೂರು ಮುಟ್ಟುವಷ್ಟರಲ್ಲಿ ಬಾಲ ಕೊಂಬು ಎರಡನ್ನೂ ಬೆಳೆಸಿಕೊಂಡಿರುತ್ತಿತ್ತು. ಯಾರ ಮನೆಯಲ್ಲಿ ಅಕ್ಕಿ ಜಾಸ್ತಿ ಇದೆ, ಯಾರು ಕಾಡಿನವರಿಗೆ ಸಾಗಿಸುತ್ತಾರೆ ಎಂದು ಜೀಪಿನಲ್ಲಿ ಬಂದವರು ವಿಚಾರಿಸುತ್ತಾರಂತೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಅಂಥ ಹೊತ್ತಿನಲ್ಲಿ ನಾನು ಪೆನ್ನು ಹಿಡಿದು ಅಕ್ಕಿ ಕೇಳುತ್ತಿದ್ದೆ.

"ನಮ್ಮನೆ ಅಕ್ಕಿ ಸುದ್ದಿ ನಿನಗ್ಯಾಕೆ ಟೀಚ್ರಮ್ಮ? ನಿಮ್ಮನೇಲಿ ಎಷ್ಟದೆ, ಮೊದ್ಲು ಅದ ಯೇಳು" ಎಂದಳು ಒಬ್ಬ ಹೆಂಗಸು. ನಾನು ಹೇಳಲಿಲ್ಲ. ನನಗೂ ಯಾಕೋ ಹೇಳಬಾರದು ಅನಿಸಿತು.

ಅಕ್ಕಿಯ ವಿಷಯ ಬಿಟ್ಟುಬಿಟ್ಟೆ. ಆದರೆ ಅಷ್ಟರಲ್ಲಿ ಇನ್ನೊಂದು ಗಾಳಿಮಾತು ಹುಟ್ಟಿತ್ತು. ಪಟ್ಟಿಯಲ್ಲಿ ಹೆಸರು ಬಂದ ಕುಂಟರು, ಕುರುಡರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಮೈಸೂರಿನಲ್ಲಿ ಭಿಕ್ಷುಕರ ಜೊತೆ ಕೂಡಿಹಾಕುತ್ತಾರಂತೆ. ಹಿಂದಿನ ದಿನ ಗೋಡೆ ಹಿಡಿದು ನಡೆಯುತ್ತಿದ್ದ ಒಬ್ಬ ಅಜ್ಜ ನನ್ನನ್ನು ಕಂಡೊಡನೆ ಎದ್ದು ಅಂಗಳದಲ್ಲಿ ಸಿಪಾಯಿಯ ಹಾಗೆ ಎರಡು ಸುತ್ತು ಹೊಡೆದು, ಮೂರನೆಯದಕ್ಕೆ ಕುಸಿದು ಕುಳಿತ. ಹೇಗೋ ಪುಸಲಾಯಿಸಿ ಏಳು ಹೆಸರು ಬರೆದುಕೊಂಡೆ.

ಕೊನೆಗೆ ಉಳಿದದ್ದು ನೀರುಗಂಟಿಯ ಮನೆ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದು, ಮಳೆಗಾಲದಲ್ಲಿ ಏರಿ ಕಾಯುವುದು ಅವನ ತಾತನ ಕಾಲದಿಂದ ಬಂದ ಕೆಲಸ. ಹಿಂದೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿಯೊಬ್ಬರೂ ಮೊರದ ತುಂಬ ಬತ್ತ ಹಾಕುತ್ತಿದ್ದರಂತೆ. ಪಂಪ್‌ಸೆಟ್ಟುಗಳು ಬಂದ ಮೇಲೆ ಮೊರ ಚಿಕ್ಕದಾಯಿತು, ಆಮೇಲೆ ಕಾಣೆಯಾಯಿತು. ಕೆಲಸ ಮಾತ್ರ ಹಾಗೆಯೇ ಉಳಿಯಿತು. ಅವನ ಮನೆ ಬೀದಿಯಿಂದ ಬೇರೆಯಾಗಿ, ಕೋಡಿಯ ಹತ್ತಿರ, ಊರಿಗೆಲ್ಲ ತಗ್ಗಿನ ಜಾಗದಲ್ಲಿ ಒಂಟಿಯಾಗಿತ್ತು. ಮಾತು ಕಡಿಮೆ. ಕೈಯಲ್ಲಿ ಸದಾ ಕಬ್ಬಿಣದ ತುದಿಯ ಒಂದು ಕೋಲು.

ನನ್ನನ್ನು ನೋಡಿದವನೇ ಬಾಗಿಲು ಎಳೆದುಕೊಂಡು ಹೊಸ್ತಿಲಾಚೆ ಬಂದು ನಿಂತ.

"ಮನೇಲಿ ಯಾರ್ಯಾರಿದ್ದೀರಿ ತಾತ?"

"ನಾನಿವ್ನಿ."

"ಇನ್ಯಾರು?"

"ಇನ್ಯಾರೂ ಇಲ್ಲ."

ಅವನ ಹಿಂದೆ, ಮುಚ್ಚಿದ ಬಾಗಿಲ ಒಳಗೆ, ಒಂದು ಚೊಂಬು ಉರುಳಿದ ಸದ್ದಾಯಿತು. "ಬೆಕ್ಕು" ಎಂದ. ಬೆಕ್ಕಾಗಿದ್ದರೆ ಉರುಳಿದ ಚೊಂಬನ್ನು ಯಾರೂ ಎತ್ತಿಡುವುದಿಲ್ಲ. ಒಳಗೆ ಎತ್ತಿಟ್ಟ ಸದ್ದೂ ಕೇಳಿಸಿತು. ನಾನು ಹಾಳೆಯಲ್ಲಿ 'ಒಬ್ಬನೇ. ಹೊರಬೇಕಾದವರು ಯಾರೂ ಇಲ್ಲ' ಎಂದು ಬರೆದೆ. ಅದರ ಕೆಳಗೆ ಪೆನ್ಸಿಲಿನಲ್ಲಿ 'ಏನೋ ಮುಚ್ಚಿಡುತ್ತಿದ್ದಾನೆ' ಎಂದೂ ಬರೆದೆ. ಊರಿನವರನ್ನು ಕೇಳಿದರೆ, "ಅವುನ್ ಮನೆ ಇಚಾರ ನಮಗ್ಯಾಕೆ ಬುಡಿ" ಎಂದು ಜಾರಿಕೊಂಡರು. ಒಬ್ಬರ ಮನೆಯವರ ಹೆಸರನ್ನು ಇನ್ನೊಬ್ಬರು ಪಟ್ಟಿಗೆ ಕೊಡಬಾರದೆಂದು ಕೆಳಗಿನ ಬೀದಿಯಲ್ಲಿ ಒಳಗೊಳಗೇ ಮಾತಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಅವನ ಮೇಲೆ ನನಗೆ ಅನುಮಾನ ಬರಲು ಇನ್ನೊಂದು ಕಾರಣವಿತ್ತು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ನಾನು ಶಾಲೆಗೆ ಬೀಗ ಹಾಕುವ ಹೊತ್ತಿಗೆ ಸರಿಯಾಗಿ ಕೆರೆಯ ಕಡೆಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಕೋಡಿಯ ಕಲ್ಲಿಗೆ ಅವನು ಕೋಲಿನ ತುದಿಯಿಂದ ಹೊಡೆಯುತ್ತಿದ್ದ. ಮೂರು ಏಟು, ತಡೆದು, ಒಂದು. ಮತ್ತೆ ಮೂರು, ತಡೆದು, ಒಂದು. ದಿನಾ ಅದೇ ಹೊತ್ತು, ಅದೇ ಲೆಕ್ಕ. ಸುಮ್ಮನೆ ಯಾರಾದರೂ ಕಲ್ಲಿಗೆ ಹಾಗೆ ಹೊಡೆಯುತ್ತಾರೆಯೇ? ಇವನು ಯಾರಿಗೋ ಸನ್ನೆ ಕೊಡುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಕಾಡಿನವರಿಗೆ ಇರಬಹುದು ಎಂಬವರೆಗೂ ನನ್ನ ಬುದ್ಧಿ ಓಡಿತ್ತು. ಬಸ್ಸಿನಲ್ಲಿ ಕೂತು ಹೋಗುವಾಗ ಆ ಏಟುಗಳನ್ನು ಬೆರಳಿನಿಂದ ಸೀಟಿನ ಕಂಬಿಗೆ ಬಡಿದು ಅರ್ಥ ಹುಡುಕುತ್ತಿದ್ದೆ.

ಊರಿಗೆ ಹೇಗೆ ಸುದ್ದಿ ಮುಟ್ಟಿಸುವುದು ಎಂದು ನಿಶ್ಚಯಿಸಲು ಶಾಲೆಯ ಮುಂದೆ ಎರಡೂ ಬೀದಿಯವರ ಸಭೆ ಸೇರಿತು. ಮೇಲಿನ ಬೀದಿಯ ಯಜಮಾನರು ಅರಿಶಿನದ ವ್ಯಾಪಾರಿ, ಊರಿಗೆ ಹಿರಿಯರು. "ತಮಟೆ ಹೊಡುಸ್ಬುಟ್ರೆ ಆಯ್ತು, ಅದ್ಕೇನು" ಎಂದರು. ಕೆಳಗಿನ ಬೀದಿಯ ಹುಡುಗರು ಎದ್ದು ನಿಂತರು. ಮೇಲಿನವರ ಸಾವಿಗೆಲ್ಲ ತಮಟೆ ಬಡಿಯುವ ಬಿಟ್ಟಿ ಚಾಕರಿಯನ್ನು ಅವರು ಆಗಷ್ಟೇ ಬಿಟ್ಟಿದ್ದರು; ಮಳೆಯ ನೆಪದಲ್ಲಿ ಅದನ್ನೇ ಮತ್ತೆ ಹೆಗಲಿಗೆ ಹಾಕುತ್ತಾರೆಂದು ಅವರಿಗೆ ಗುಮಾನಿ. ಹಾಗಾದರೆ ಗುಡಿಯ ಗಂಟೆ ಹೊಡೆಯುತ್ತೇವೆ ಎಂದರು. ಈಗ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟೆ ಹೊಡೆಯಬೇಕಾದರೆ ಗುಡಿಯೊಳಗೆ ಬರಬೇಕಲ್ಲ! ಮಳೆಯ ನೆಪದಲ್ಲಿ ಇವರು ಒಳಗೆ ಬರುತ್ತಾರೆಂದು ಅವರಿಗೆ ಗುಮಾನಿ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಮ್ಮ ಸಭೆಯಲ್ಲಿ ಹಾವು ಹಾಯಾಗಿ ಹೆಡೆ ಎತ್ತಿ ಕೂತಿತ್ತು.

ಕೊನೆಗೆ ನಾನು ಶಾಲೆಯ ಗಂಟೆ ತೋರಿಸಿದೆ. ಅದೊಂದು ಮೊಳದುದ್ದದ ರೈಲು ಕಂಬಿಯ ತುಂಡು. ನನ್ನೂರು ಚಾಮರಾಜನಗರಕ್ಕೆ ರೈಲು ಬರುತ್ತದೆ. ಅಲ್ಲಿಂದ ಯಾವ ಕಾಲದಲ್ಲೋ ಯಾರೋ ತಂದ ಆ ತುಂಡು, ರೈಲನ್ನೇ ಕಾಣದ ಈ ಊರಿನ ಬೇವಿನ ಮರದಲ್ಲಿ ಸರಪಳಿ ಕಟ್ಟಿಸಿಕೊಂಡು ತೂಗುತ್ತಿತ್ತು. ಒಂದು ಏಟು ಹಾಕಿದರೆ ಕೆರೆಯಾಚೆಗೂ ಕೇಳುತ್ತಿತ್ತು. ಅದಕ್ಕೆ ಜಾತಿ ಇರಲಿಲ್ಲ. ಎರಡೂ ಬೀದಿಯವರು ಒಪ್ಪಿದರು. ಗಂಟೆ ಬಿಡದೆ ಹೊಡೆದರೆ ಎಲ್ಲರೂ ಶಾಲೆಗೆ ಬರುವುದು. ಪಟ್ಟಿಯಲ್ಲಿದ್ದ ಏಳು ಜನರನ್ನು ಎರಡೂ ಬೀದಿಯ ಎಂಟು ಗಟ್ಟಿ ಆಳುಗಳು ಹೊತ್ತು ತರುವುದು.

ಎಲ್ಲರ ಹಿಂದೆ ನಿಂತಿದ್ದ ನೀರುಗಂಟಿ ಆಗ ಬಾಯಿ ಬಿಟ್ಟ. "ಗಂಟೆ ಕೆರೆ ತಾವ ಇರ್ಬೇಕು. ಇಲ್ಲಿದ್ರೆ ನಾನು ಓಡ್ ಬಂದು ಯೇಳೋಗಂಟ ನೀರು ನಿಂತ್ಕತ್ತದಾ? ಇನ್ನೊಂದು, ಏರೀಲಿ ನಳ್ಳಿ ತೂತ ಬಿದ್ದವೆ. ಮುಚ್ಚುಸ್ಬೇಕು."

"ಮುಚ್ಚಕ್ಕೆ ನಿನಗೆ ಬತ್ತ ಅಳೀಬೇಕೇನ್ಲಾ?" ಎಂದು ಯಾರೋ ನಕ್ಕರು. ಏಡಿಯ ತೂತಿನಿಂದ ಕೆರೆ ಒಡೆಯುವುದುಂಟೆ ಎಂದು ನನಗೂ ನಗು ಬಂತು. ಗಂಟೆಯ ವಿಷಯಕ್ಕೆ ಉತ್ತರ ಕೊಟ್ಟವಳು ನಾನೇ. "ಅದು ಶಾಲೆಯ ಆಸ್ತಿ ತಾತ, ಇಲ್ಲಿಂದ ಕದಲಿಸೋ ಹಾಗಿಲ್ಲ" ಎಂದೆ. ಅವನು ಕೋಲು ಊರಿಕೊಂಡು ಹೊರಟುಹೋದ.

ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದೆಂದು ಒಂದು ಭಾನುವಾರ ಗಂಟೆ ಹೊಡೆದು ಎಲ್ಲವನ್ನೂ ಮಾಡಿ ನೋಡಿದೆವು. ಆಳುಗಳ ಹೆಗಲ ಮೇಲೆ ಬಂದ ಒಬ್ಬ ಅಜ್ಜಿಗೆ ಸವಾರಿ ಎಷ್ಟು ಹಿಡಿಸಿತೆಂದರೆ, ಮರುದಿನ ಹೇಳಿಕಳಿಸಿದಳು: "ಮುಂದಿನ್ ಸಲ ಅಂಗಡಿ ಮುಂದ್ಲಿಂದ ಹೋಗನ." ಪಟ್ಟಿಯನ್ನು ನಾನು ಶಾಲೆಯ ಗೋಡೆಗೆ ಅಂಟಿಸಿ ಹೆಮ್ಮೆಯಿಂದ ನೋಡಿಕೊಂಡೆ.

ದಸರಾ ರಜೆ ಮುಗಿಸಿ ಬಂದು ನೋಡುತ್ತೇನೆ, ಬೇವಿನ ಮರದಲ್ಲಿ ಸರಪಳಿ ಮಾತ್ರ ಇದೆ. ಗಂಟೆ ಇಲ್ಲ.

ನನ್ನ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮೇವು ಬೇಕೆ? ಮೂರು ದಿನ ಊರಿನ ಪ್ರತಿಯೊಬ್ಬರ ಮುಖವನ್ನೂ ಓದಿದೆ. ಒಬ್ಬ ನನಗೆ ಎಂದಿಗಿಂತ ಬಗ್ಗಿ ನಮಸ್ಕಾರ ಮಾಡಿದ, ಅವನ ಮೇಲೆ ಅನುಮಾನ. ಇನ್ನೊಬ್ಬ ಮಾಡಲಿಲ್ಲ, ಅವನ ಮೇಲೂ ಅನುಮಾನ. ಆದರೆ ಸುತ್ತಿ ಸುತ್ತಿ ಮನಸ್ಸು ಬಂದು ನಿಲ್ಲುತ್ತಿದ್ದುದು ಒಂದೇ ಕಡೆ. ಗಂಟೆ ತನಗೆ ಬೇಕೆಂದು ಕೇಳಿದವನು ಯಾರು? ಬೆಕ್ಕು ಎಂದು ಸುಳ್ಳು ಹೇಳಿದವನು ಯಾರು? ಕಬ್ಬಿಣ ಗುಜರಿಗೆ ಹೋಗಿರುತ್ತದೆ ಎಂದು ಯಜಮಾನರ ಮುಂದೆ ನಾನೇ ಅವನ ಹೆಸರು ಹೇಳಿದೆ. ಬರಿಯ ಒಂದು ಹೆಸರು ಹೇಳಿದರೆ ಸಣ್ಣತನವೆಂದು ಜೊತೆಗೆ ಇನ್ನಿಬ್ಬರು ಹುಡುಗರ ಹೆಸರನ್ನೂ ಸೇರಿಸಿದೆ.

ನಮ್ಮ ಕಡೆ ಕಳವಿನ ನ್ಯಾಯಕ್ಕೆ ಪೊಲೀಸರಿಗಿಂತ ಮೊದಲು ಮಾದಪ್ಪ. ಮಲೆ ಮಾದಪ್ಪನ ಹೆಸರಿನಲ್ಲಿ ಕರ್ಪೂರ ಹತ್ತಿಸಿ, ಅದನ್ನು ಅಂಗೈಯಿಂದ ಆರಿಸಿ 'ನಾನು ಕದ್ದಿಲ್ಲ' ಎಂದುಬಿಟ್ಟರೆ ಮುಗಿಯಿತು. ಆಮೇಲೆ ಯಾರೂ ಆ ಮಾತೆತ್ತುವ ಹಾಗಿಲ್ಲ. ಸುಳ್ಳು ಆಣೆ ಮಾಡಿದವನ ಮನೆ ಉಳಿಯುವುದಿಲ್ಲ ಎಂದು ಸಣ್ಣ ಮಗುವೂ ನಂಬುತ್ತದೆ. ಬೆಳಗಿನ ಹೊತ್ತು ಗುಡಿಯ ಮುಂದಿನ ಬಯಲಿನಲ್ಲಿ ಊರು ಸೇರಿತು. ಹುಡುಗರಿಬ್ಬರೂ ಪಟಪಟನೆ ಬಂದು ಕರ್ಪೂರ ಆರಿಸಿ, ನನ್ನನ್ನು ಕೆಕ್ಕರಿಸಿ ನೋಡಿಕೊಂಡು ಹೋದರು. ಮೂರನೆಯ ಕರ್ಪೂರ ಉರಿಯುತ್ತಲೇ ಇತ್ತು.

"ಬಾರ್ಲಾ, ಆಣೆ ಮಾಡು" ಎಂದರು ಯಜಮಾನರು.

"ನಾ ಆಣೆ ಮಾಡಕಿಲ್ಲ ಬುದ್ಧಿ."

"ಅಂಗಾರೆ ನೀನೇ ತಗಂಡಿದ್ದೀಯೆ?"

ಕರ್ಪೂರ ತಾನಾಗಿಯೇ ಆರಿಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇವನು ಹೆಗಲನ್ನೂ ಮುಟ್ಟಿಕೊಳ್ಳದೆ ನೆಟ್ಟಗೆ ನನ್ನನ್ನೇ ನೋಡುತ್ತಾ ನಿಂತಿದ್ದ. ಗಂಟೆ ಎಲ್ಲಿ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಇನ್ನು ಮೇಲೆ ಏರಿಯ ಮೇಲೆ ಕಾಲಿಡಕೂಡದು, ಯಜಮಾನರ ಮನೆಯ ಆಳು ಕೆರೆ ಕಾಯುತ್ತಾನೆ ಎಂದು ತೀರ್ಪಾಯಿತು. ನನಗೆ ಸಂತೋಷವಾಯಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ. ಅಂದಿನಿಂದ ಸಂಜೆಯ ಆ ಸದ್ದೂ ನಿಂತಿತು. ನೋಡಿದಿರಾ, ಸನ್ನೆ ನಿಂತಿತು ಎಂದು ಮನೆಯವರಿಗೆ ಹೇಳಿದೆ.

ಸ್ವಾತಿ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿದು ಮೂರನೆಯ ದಿನ ಮಧ್ಯಾಹ್ನ ಆಕಾಶವೇ ಹರಿದ ಹಾಗಾಯಿತು. ಮಕ್ಕಳನ್ನು ಮನೆಗೆ ಕಳಿಸಿ, ಎಂಟು ಆಳುಗಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡಿದ್ದೆ. ಗಂಟೆಯ ಬದಲು ಕಟ್ಟಿದ್ದ ಗಾಡಿ ಚಕ್ರದ ಹಳಿ ನೆಗಡಿಯಾದವರ ಹಾಗೆ ಗೊರಗೊರ ಎನ್ನುತ್ತಿತ್ತು. ಅದರ ಸದ್ದು ಮೇಲಿನ ಬೀದಿಯನ್ನೂ ಮುಟ್ಟುತ್ತಿರಲಿಲ್ಲ. ಕೆರೆ ಕಾಯಲು ಹೋದ ಹೊಸ ಆಳು ಒದ್ದೆ ಬಟ್ಟೆ ಬದಲಾಯಿಸಲು ಮನೆಗೆ ಹೋದವನು ಬಿಸಿ ಬಿಸಿ ಕಾಫಿಗೆ ಕೂತಿದ್ದ. ಅದು ನನಗೆ ಗೊತ್ತಿರಲಿಲ್ಲ.

ಆಗ ಗಂಟೆ ಕೇಳಿತು. ನನ್ನ ಗಂಟೆ. ದಿನಾ ಹೊಡೆದವಳಿಗೆ ಅದರ ದನಿ ತಿಳಿಯದೇ? ಮಳೆಯ ಸದ್ದನ್ನು ಸೀಳಿಕೊಂಡು ಕೆರೆಯ ಕಡೆಯಿಂದ ಬರುತ್ತಿತ್ತು. ಮೂರು ಏಟು, ತಡೆದು, ಒಂದು. ಮತ್ತೆ ಮೂರು, ತಡೆದು, ಒಂದು.

ನಮ್ಮ ಮಾತಿನ ಪ್ರಕಾರ ಗಂಟೆ ಎಂದರೆ ಅಪಾಯ. ಆದರೆ ನನ್ನ ಬಾಯಲ್ಲಿ ಬಂದದ್ದು ಬೇರೆ. "ಕಳ್ಳ! ಏರಿ ಮೇಲಿದ್ದಾನೆ, ಹಿಡೀರಿ!" ಎಂದು ಕೂಗಿದೆ. ಎಂಟು ಆಳುಗಳೂ ದೊಣ್ಣೆ ಹಿಡಿದು ಓಡಿದರು. ಅವರು ಓಡುವುದನ್ನು ಕಂಡು ಮೇಲಿನ ಬೀದಿಯವರು, ಕೆಳಗಿನ ಬೀದಿಯವರು, ಕಾಫಿ ಬಿಟ್ಟು ಹೊಸ ಆಳು, ಪಂಚೆ ಎತ್ತಿ ಕಟ್ಟಿದ ಯಜಮಾನರು, ಎಲ್ಲರೂ ಓಡಿದರು. ನೆರೆ ಬಂದಿದೆ ಎಂದರೆ ಇಷ್ಟು ಜನ ಕೆರೆಯ ಕಡೆ ಖಂಡಿತ ಓಡುತ್ತಿರಲಿಲ್ಲ. ಕಳ್ಳ ಎಂದಿದ್ದಕ್ಕೆ ಇಡೀ ಊರು ಬಂತು.

ನಾನು ಏದುಸಿರು ಬಿಡುತ್ತಾ ಏರಿ ಹತ್ತುವಷ್ಟರಲ್ಲಿ ಅವನನ್ನು ಹಿಡಿದಾಗಿತ್ತು. ಕೋಡಿಯ ಪಕ್ಕದ ದಿಬ್ಬದಲ್ಲಿ, ದೆವ್ವದ ಭಯಕ್ಕೆ ಯಾರೂ ಸುಳಿಯದ ಹುಣಸೆ ಮರದ ಕೊಂಬೆಗೆ ನನ್ನ ರೈಲು ಕಂಬಿ ನೇತಾಡುತ್ತಿತ್ತು. ಇಬ್ಬರು ಅವನ ರಟ್ಟೆ ತಿರುವಿ ಹಿಡಿದಿದ್ದರು. ಅವನ ಕೋಲು ಕೆಸರಿನಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಒಬ್ಬ, "ಅಯ್ಯೋ, ಇಲ್ನೋಡ್ರಿ!" ಎಂದು ಕಿರುಚಿದ. ಏರಿಯ ಹೊರಮೈಯಲ್ಲಿ, ತೋಳಿನ ಗಾತ್ರಕ್ಕೆ, ಕೆಂಪು ಬಗ್ಗಡ ನೀರು ಬುಗ್ಗೆಯಾಗಿ ಚಿಮ್ಮುತ್ತಿತ್ತು. ಮಳೆ ನಿಲ್ಲುವವರೆಗೆ ಕಾಯುವ ನೀರು ಅದಲ್ಲ. ಏರಿಯ ಮಣ್ಣನ್ನೇ ಕರಗಿಸಿಕೊಂಡು ಬರುತ್ತಿತ್ತು. ಅವನು ಹೇಳಿದ್ದ ನಳ್ಳಿ ತೂತು.

ಯಜಮಾನರು ಒಂದು ಗಳಿಗೆ ನೋಡಿದರು. ಆಮೇಲೆ, "ನಮ್ಮ ಉಗ್ರಾಣದಲ್ಲಿರೋ ಗೋಣಿಚೀಲನೆಲ್ಲ ತನ್ರೋ! ನಾಕ್ ಜನ ಓಗಿ ಮುದುಕ್ರನ್ನ ಎತ್ಕಂಡ್ ಬನ್ನಿ" ಎಂದು ಗಂಟಲು ಹರಿಯುವಂತೆ ಕೂಗಿದರು. ಜನ ದಿಕ್ಕಿಗೊಬ್ಬರಾದರು. ಆದರೆ ಅವನನ್ನು ಹಿಡಿದಿದ್ದ ಇಬ್ಬರು ಬಿಡಲಿಲ್ಲ. ಅವನು ಕೊಸರಾಡುತ್ತಾ ಒಂದೇ ಸಮನೆ ಕೂಗುತ್ತಿದ್ದ.

"ಸದ್ದ ನಿಲ್ಲುಸ್ಬ್ಯಾಡ್ರಪ್ಪ! ಅವ್ಳು ಬತ್ತಾವ್ಳೆ! ಸದ್ದ ಇಡ್ಕಂಡು ಬತ್ತಾವ್ಳೆ!"

"ಯಾರು ತಾತ?" ಎಂದೆ.

"ನನ್ನೆಡ್ತಿ ಕಣವ್ವ. ಅವ್ಳ್ಗೆ ಕಣ್ ಕಾಣಕಿಲ್ಲ."

ಕೆಳಗೆ ನೋಡಿದೆ. ಕೋಡಿಯ ನೀರು ಕಾಲುವೆ ಮೀರಿ ಅವನ ಮನೆಯ ಸುತ್ತ ಹರಿಯುತ್ತಿತ್ತು. ಮನೆಯಿಂದ ದಿಬ್ಬದವರೆಗೆ ಬೇಲಿಗೆ ನೆಟ್ಟ ಕಲ್ಲುಕಂಬಗಳ ಸಾಲು. ಕೊನೆಯ ಕಂಬದಿಂದ ದಿಬ್ಬದ ಮೆಟ್ಟಿಲಿನವರೆಗೆ ಹಿಡಿಯಲು ಏನೂ ಇಲ್ಲದ ಇಪ್ಪತ್ತು ಹೆಜ್ಜೆ ಬಯಲು. ಆ ಕೊನೆಯ ಕಂಬವನ್ನು ತಬ್ಬಿಕೊಂಡು, ತೊಡೆಮಟ್ಟದ ನೀರಿನಲ್ಲಿ, ಸಣ್ಣ ದೇಹದ ಒಬ್ಬ ಮುದುಕಿ ನಿಂತಿದ್ದಳು. ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಆಕೆ ಹುಡುಕುತ್ತಿದ್ದುದು ನಾವು ನಿಲ್ಲಿಸಿದ ಸದ್ದನ್ನು.

ಇಬ್ಬರು ಹುಡುಗರು ಕೆಳಗಿಳಿದು ನೀರಿಗೆ ಬಿದ್ದರು. ಸೆಳೆತಕ್ಕೆ ಒಬ್ಬ ಮುಗ್ಗರಿಸಿದ. ಅವರ ಕೂಗು, ನೀರಿನ ಬಡಿತ ಕೇಳಿ ಆಕೆ ಹೆದರಿ ಕಂಬದ ಹಿಂದಕ್ಕೆ ಸರಿದಳು. ನಾನು ಕೆಸರಿನಿಂದ ಕೋಲು ಎತ್ತಿಕೊಂಡು ಗಂಟೆ ಹೊಡೆಯಲು ಶುರುಮಾಡಿದೆ. ಶಾಲೆಯಲ್ಲಿ ಹೊಡೆಯುವ ಹಾಗೆ, ಬಿಡದೆ, ಕೈ ಸೋಲುವಷ್ಟು ಜೋರಾಗಿ ಹೊಡೆದೆ. ಆಕೆ ತಲೆ ಎತ್ತಿದಳು. ಕಿವಿ ಕೊಟ್ಟು ಕೇಳಿದಳು. ಆಮೇಲೆ ಒಂದು ಹೆಜ್ಜೆ ಹಿಂದಕ್ಕಿಟ್ಟಳು.

ಆಕೆ ನನ್ನನ್ನು ನಂಬಲಿಲ್ಲ.

"ಅಂಗಲ್ಲ ಕಣವ್ವ, ಅದು ನನ್ನೇಟಲ್ಲ" ಎಂದು ಅವನು ಅತ್ತುಬಿಟ್ಟ. ಆಗ ನನಗೆ ಸಂಜೆಯ ಕೋಡಿಕಲ್ಲಿನ ಸದ್ದು ನೆನಪಾಯಿತು. ಮೂರು ಏಟು, ತಡೆದು ಒಂದು. ಅದು ಕಾಡಿಗೆ ಕೊಟ್ಟ ಸನ್ನೆಯಲ್ಲ. 'ನಾನು ಮನೆಗೆ ಬರುತ್ತಿದ್ದೇನೆ' ಎಂದು ಕಣ್ಣಿಲ್ಲದ ಹೆಂಡತಿಗೆ ಅವನು ದಿನಾ ಹೇಳುತ್ತಿದ್ದ ಮಾತು. ನಾನೂ ಹಾಗೆ ಹೊಡೆಯಲು ನೋಡಿದೆ. ಅವಸರದಲ್ಲಿ ಲೆಕ್ಕ ತಪ್ಪಿತು. ಆಕೆ ಕಂಬವನ್ನೂ ಬಿಟ್ಟು ಮನೆಯ ಕಡೆ ತಿರುಗಿದಳು.

"ಬಿಡ್ರಿ ಅವರನ್ನ! ಬಿಡ್ರಿ!" ಎಂದು ಕಿರುಚಿದೆ. ಹಿಡಿದವರು ಯಜಮಾನರ ಮುಖ ನೋಡಿದರು. "ಬುಡ್ರಲಾ" ಎಂದರು ಅವರು. ಅವನು ಬಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡು ಹೊಡೆದ. ಮೂರು ಏಟು, ತಡೆದು, ಒಂದು.

ಆಕೆ ನಿಂತಳು, ತಿರುಗಿದಳು. ನೀರನ್ನು ಸೀಳಿಕೊಂಡು ನೆಟ್ಟಗೆ ಹುಣಸೆ ಮರದ ಕಡೆ ಬಂದಳು. ಹುಡುಗರು ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ಕೊನೆಯ ನಾಲ್ಕು ಹೆಜ್ಜೆ ಮಾತ್ರ ಅವರು ಎಳೆದುಕೊಂಡೇ ಬಂದರು. ಕತ್ತಲಾಗುವ ಮುಂಚೆ ಗೋಣಿಚೀಲಗಳಲ್ಲಿ ಮಣ್ಣು ತುಂಬಿ ತೂತು ಮುಚ್ಚಿದರು. ಪಟ್ಟಿಯ ಏಳು ಜನರೂ ಹೆಗಲೇರಿ ಶಾಲೆ ಸೇರಿದರು. ಬೀದಿಯಲ್ಲಿ ಮೊಣಕಾಲಷ್ಟು ನೀರು ಬಂದು ಹೋಯಿತು. ಬಿದ್ದದ್ದು ಒಂದೇ ಮನೆ, ನೀರುಗಂಟಿಯದು. ಆಕೆ ಹಿಂದಿರುಗಿದ್ದರೆ ಆ ಗೋಡೆಯ ಕೆಳಗಿರುತ್ತಿದ್ದಳು, ಮತ್ತು ನನ್ನ ಹಾಳೆಯಲ್ಲಿ 'ಯಾರೂ ಇಲ್ಲ' ಎಂದಿರುತ್ತಿತ್ತು.

ಶಾಲೆಯಲ್ಲಿ ಇಬ್ಬರೂ ಕಂಬಳಿ ಹೊದ್ದು ಕೂತಿದ್ದಾಗ ಅವನ ಎದುರಿಗೆ ಹೋಗಿ ಕೂತೆ. "ಆಣೆ ಯಾಕೆ ಮಾಡಲಿಲ್ಲ ತಾತ?"

"ಕದ್ದೋನು ಮಾದಪ್ಪನ ಮುಂದೆ ಕದ್ದಿಲ್ಲ ಅಂತ ಯೆಂಗವ್ವ ಯೇಳಾನು?"

"ಹಾಗಾದ್ರೆ ತಗೊಂಡಿದ್ದೀನಿ ಅಂತಾದ್ರೂ ಹೇಳಬಹುದಿತ್ತಲ್ಲ?"

"ಯೇಳಿದ್ರೆ ವಾಪಸ್ ತಗಂಡೋಗ್ತಿದ್ದೆ."

ನಿಜ. ತೆಗೆದುಕೊಂಡು ಹೋಗುತ್ತಿದ್ದೆ. ಕ್ಷಮಿಸಿ ಎಂದೆ. ಅವನು ಕಂಬಳಿ ಸರಿಮಾಡಿಕೊಂಡ, ಅಷ್ಟೆ.

ಗಂಟೆ ಹುಣಸೆ ಮರದಲ್ಲೇ ಉಳಿಯಿತು; ಶಾಲೆಗೆ ಆ ನೆಗಡಿ ಹಿಡಿದ ಹಳಿಯೇ ಗತಿಯಾಯಿತು. ಬೇಸಿಗೆಯಲ್ಲಿ ಊರವರು ಏರಿಯ ತೂತುಗಳನ್ನು ಅಗೆದು ಮಣ್ಣು ಗಟ್ಟಿಸಿದರು, ನೀರುಗಂಟಿಯ ಮನೆಯನ್ನೂ ಎಬ್ಬಿಸಿಕೊಟ್ಟರು. ನಾನು ಹೊಸ ಪಟ್ಟಿ ಹಿಡಿದು ಆ ಮನೆಗೆ ಹೋದೆ. ಈ ಸಲ ಬಾಗಿಲು ತೆರೆದಿತ್ತು. ಅಜ್ಜಿ ಜಗಲಿಯಲ್ಲಿ ಕೂತು ನನ್ನ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದಳು.

"ಹೆಸರು ಬರ್ಕೊಳ್ಳಲಾ ಅಜ್ಜಿ?"

"ಬರ್ಕಂಡು? ಅವುನು ಊರಲ್ಲಿಲ್ದಾಗ ನೀರು ಬಂದ್ರೆ ನನ್ನ ಯಾರು ಕರ್ದಾರು?"

"ನಾನು ಕರೀತೀನಿ."

"ನೀನಾ?" ಎಂದು ನಕ್ಕಳು. "ಎಲ್ಲಿ, ಒಡಿ ನೋಡನ."

ಅಂಗಳದ ಕಲ್ಲಿಗೆ ಕೋಲಿನಿಂದ ಹೊಡೆದೆ. ಅಲ್ಲ ಎಂದಳು. ಮತ್ತೆ ಹೊಡೆದೆ. "ತಡ್ಯಾದು ಸಾಲ್ದು. ಅವುನು ಅಲ್ಲಿ ಒಂದ್ ಉಸ್ರು ಎಳ್ಕತಾನೆ." ಮತ್ತೆ ಹೊಡೆದೆ. "ಕೊನೇ ಏಟು ಜೋರಾಯ್ತು. ಮನೇಗ್ ಬರೋನು ಅಂಗ್ ಒಡ್ದಾನಾ?" ಟೀಚರಾಗಿ ಅಷ್ಟು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು, ಆ ಮಳೆಗಾಲ ಶುರುವಾಗುವವರೆಗೂ ಶನಿವಾರ ಶನಿವಾರ ಹೋಗಿ ಆ ಜಗಲಿಯ ಮುಂದೆ ಪಾಠ ಒಪ್ಪಿಸಿದೆ. ಒಂದು ದಿನವೂ ಸರಿ ಎನ್ನಲಿಲ್ಲ. "ಇರ್ಲಿ, ಬರ್ಕೋ" ಎಂದಳು, ಅಷ್ಟೇ.

ಆ ವರ್ಷ ಹಸ್ತ ಮಳೆಯಲ್ಲಿ ಒಂದು ಮಧ್ಯಾಹ್ನ ಕೆರೆಯ ಮೇಲೆ ಮೋಡ ಕಪ್ಪಾಗಿ ಕವಿಯಿತು. ನೀರುಗಂಟಿ ಬೇಗೂರಿಗೆ ಹೋಗಿದ್ದ. ಕೋಡಿ ಹರಿಯಲು ಶುರುವಾಗಿತ್ತು. ನಾನು ಓಡಿಹೋಗಿ ಹುಣಸೆ ಮರದ ಕೆಳಗೆ ನಿಂತು ಹೊಡೆದೆ. ಮೂರು ಏಟು, ಒಂದು ಉಸಿರು ಎಳೆದುಕೊಂಡು, ಮೆತ್ತಗೆ ಒಂದು.

ಬಾಗಿಲಿನಿಂದ ಅಜ್ಜಿ ಹೊರಗೆ ಬಂದಳು. ಕಂಬದಿಂದ ಕಂಬಕ್ಕೆ ಕೈ ಹಾಕುತ್ತಾ ಬಂದಳು. ಕೊನೆಯ ಕಂಬದ ಹತ್ತಿರ ನಿಂತುಬಿಟ್ಟಳು.

"ಯಾರದು?" ಎಂದು ಕೂಗಿದಳು.

"ನಾನು ಅಜ್ಜಿ. ಟೀಚರು."

ಕಂಬ ಬಿಟ್ಟು ಇಪ್ಪತ್ತು ಹೆಜ್ಜೆಯೂ ನಡೆದು ಬಂದು ನನ್ನ ಮುಂಗೈ ಹಿಡಿದುಕೊಂಡಳು.

"ಗೊತ್ತಿತ್ತು ಕಣವ್ವ" ಎಂದಳು. "ಆದ್ರೂವೆ ಒಂದ್ ಮಾತ ಕೇಳ್ಕಬೇಕಲ್ವಾ?"